ಅಂಗಿ ಒಗೆಯದ ಹೆಂಗಸರು

ಆ ಪುಡಿಗೆ ತನ್ನದೇ ಒಂದು ಕೋಣೆ ಇತ್ತು. ಗಾಜಿನಕ್ಕನ ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಅವಳು, ಎಲ್ಲರಿಗೂ ಸೇರಿ ಒಂದೇ ಕೋಣೆ. ಮೇಲೆ ತಗಡು.

ಪುಡಿಯ ಕೋಣೆ ಸದಾ ತಣ್ಣಗಿರುತ್ತಿತ್ತು. ಕರೆಂಟು ಹೋದಾಗ ಇಡೀ ಕಟ್ಟಡ ಬೆವರಿದರೂ ಅದೊಂದಕ್ಕೆ ಜನರೇಟರ್ ಗುಡುಗುತ್ತಿತ್ತು. ಬಾಗಿಲಿಗೆ ಬೀಗ. ಒಳಗೆ ಫ್ರೀಜರು, ಅದಕ್ಕೂ ಬೀಗ. ಫ್ರೀಜರಿನೊಳಗೆ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಕಿರುಬೆರಳಿನಷ್ಟು ದೊಡ್ಡ ಕಂದು ಗಾಜಿನ ಸೀಸೆ. ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಲ್ಯಾಬಿನವರು ಅದನ್ನು ಸ್ಟ್ಯಾಂಡರ್ಡ್ ಅನ್ನುತ್ತಿದ್ದರು. ಕಳೆನಾಶಕವೇ, ಆದರೆ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಬೆರಕೆ ಮಾಲಲ್ಲ, ಅಪ್ಪಟ. ಸೊಪ್ಪಿನಲ್ಲೋ ಬೇರಿನಲ್ಲೋ ಮಣ್ಣಿನಲ್ಲೋ ಕಳೆನಾಶಕ ಉಳಿದಿದೆಯೇ ಎಂದು ನೋಡಬೇಕಾದರೆ ಮೊದಲು ಈ ಅಪ್ಪಟ ಪುಡಿಯನ್ನು ಕರಗಿಸಿ ಪರೀಕ್ಷೆಯ ಮಿಷನ್ನಿಗೆ ಕುಡಿಸಬೇಕು. ಪರದೆಯ ಮೇಲೆ ಸಪಾಟಾಗಿ ಓಡುವ ಗೆರೆ ಒಂದು ಕಡೆ ಗುಡ್ಡದ ಹಾಗೆ ಏಳುತ್ತದೆ. ಆಮೇಲೆ ಸೊಪ್ಪಿನ ರಸ ಕುಡಿಸಬೇಕು. ಅದೇ ಜಾಗದಲ್ಲಿ ಗುಡ್ಡ ಎದ್ದರೆ ಸೊಪ್ಪಿನಲ್ಲಿ ವಿಷ ಇದೆ ಎಂದರ್ಥ.

ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ಬರೀ ಸಾಹೇಬರು ಎಂದೇ ಕರೆಯುತ್ತಿದ್ದರು. ಸೀಸೆ ಹೊರತೆಗೆಯುವ ಹಕ್ಕು ಅವರಿಗೊಬ್ಬರಿಗೇ. ಕೈಗೆ ಎರಡು ಜೊತೆ ಗ್ಲೌಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಗಾಳಿ ಹೀರುವ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಉಸಿರು ಬಿಗಿಹಿಡಿದು ಮುಚ್ಚಳ ತಿರುವುತ್ತಿದ್ದರು. ಅಷ್ಟು ನಾಜೂಕಾಗಿ ಅವರು ತಮ್ಮ ಸ್ವಂತ ಮಗುವನ್ನೂ ಎತ್ತಿರಲಿಕ್ಕಿಲ್ಲ.

ಅದೇ ಔಷಧಿ ಹಿಂದಿನ ಶೆಡ್ಡಿನಲ್ಲಿ ಕ್ಯಾನುಗಟ್ಟಲೆ ಬಿದ್ದಿರುತ್ತಿತ್ತು. ವಿಷಕ್ಕೆ ಔಷಧಿ ಅಂತ ಹೆಸರಿಟ್ಟವರು ಯಾರೋ, ಪುಣ್ಯಾತ್ಮರು. ಅದು ಸಸ್ಯ ಸಂಶೋಧನೆಯ ಕೇಂದ್ರ. ಕಟ್ಟಡಕ್ಕಿಂತ ಹೊಲವೇ ದೊಡ್ಡದು. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಸೀಳಿ, ಎಷ್ಟು ಹೊಡೆದರೆ ಯಾವ ಕಳೆ ಸಾಯುತ್ತದೆ, ಬೆಳೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡುತ್ತಿದ್ದರು. ನೋಡುವವರು ಕೊಡೆಯ ಕೆಳಗೆ. ಹೊಡೆಯುವವರು ಬಿಸಿಲಲ್ಲಿ.

ಗಾಜಿನಕ್ಕನ ಗಂಡ ಹೊಡೆಯುವವನು. ಡ್ರಮ್ಮಿಗೆ ನೀರು ಬಿಟ್ಟು, ಔಷಧಿ ಸುರಿದು, ಕೋಲು ಸಿಗದಿದ್ದರೆ ಮೊಣಕೈವರೆಗೆ ಕೈಯನ್ನೇ ಇಳಿಸಿ ಕಲಕುತ್ತಿದ್ದ. ಪಂಪನ್ನು ಬೆನ್ನಿಗೆ ಏರಿಸುತ್ತಿದ್ದ. ಮುಚ್ಚಳದ ವಾಷರು ಹಾಳಾಗಿ ಯಾವ ಕಾಲವಾಗಿತ್ತೋ. ಹೆಜ್ಜೆ ಹಾಕಿದ ಹಾಗೆಲ್ಲ ಔಷಧಿ ತುಳುಕಿ, ಬೆನ್ನ ನಡುವಿನ ಗುಳಿಯಲ್ಲಿ ಇಳಿದು, ಚಡ್ಡಿಯವರೆಗೂ ತೊಯ್ಯುತ್ತಿತ್ತು. ಮಾಸ್ಕು ಕೇಳಿದರೆ ಮೇಸ್ತ್ರಿ, "ಟವೆಲ್ ಕಟ್ಕೊಳ್ರೋ, ಅಷ್ಟೂ ಗೊತ್ತಾಗಲ್ವಾ" ಅನ್ನುತ್ತಿದ್ದ.

ಕೇಂದ್ರದವರು ಕೊಟ್ಟಿದ್ದು ಒಬ್ಬೊಬ್ಬರಿಗೆ ಒಂದೊಂದು ನೀಲಿ ಅಂಗಿ. ಬೆನ್ನ ಮೇಲೆ ಕೇಂದ್ರದ ಹೆಸರು, ದಪ್ಪ ಅಕ್ಷರದಲ್ಲಿ. ಅದನ್ನು ಒಗೆದುಕೊಂಡು ಬರುವುದು ಅವರವರ ಮನೆಯ ಜವಾಬ್ದಾರಿ. ಮನೆ ಅಂದರೆ ಹೆಂಡತಿ.

ಗಾಜಿನಕ್ಕನಿಗೆ ಆ ಹೆಸರು ಬಂದದ್ದು ಲ್ಯಾಬಿನಲ್ಲಿ ಗಾಜು ತೊಳೆಯುವುದರಿಂದ. ಹೊಟ್ಟೆ ಉಬ್ಬಿದ ಬುರುಡೆಗಳು, ಕೊರಳು ಉದ್ದವಾದ ಸೀಸೆಗಳು, ಹುಲ್ಲುಕಡ್ಡಿಯಷ್ಟು ಸಣ್ಣ ನಳಿಗೆಗಳು. ಮೊದಲು ಸೋಪು. ಆಮೇಲೆ ನಲ್ಲಿ ನೀರು. ಆಮೇಲೆ ಘಾಟು ದ್ರಾವಣ, ಆಮೇಲೆ ಬಟ್ಟಿ ಇಳಿಸಿದ ನೀರು. ಬೆಳಿಗ್ಗೆ ಸಿಂಕಿನ ಮುಂದೆ ನಿಂತರೆ ಸಂಜೆಗೆ ಸೊಂಟ ಮುರಿದ ಹಾಗಾಗುತ್ತಿತ್ತು. ಬೆರಳ ತುದಿಗಳು ಸೀಳಿ, ಊಟಕ್ಕೆ ಕುಳಿತರೆ ಉಪ್ಪು ತಾಗಿ ಉರಿ ನೆತ್ತಿಗೆ ಏರುತ್ತಿತ್ತು. ಆದರೂ ಅವಳು ತೊಳೆದ ಗಾಜನ್ನು ಬೆಳಕಿಗೆ ಹಿಡಿದರೆ ಗಾಜು ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು. ಮಿಷನ್ ನಡೆಸುವ ಹುಡುಗಿ, ಎಲ್ಲರ ಬಾಯಲ್ಲೂ ಮೇಡಂ, ಅವಳು "ಅಕ್ಕ, ನಿಮ್ಮ ಕೈ ತಾಗಿದ ಮೇಲೆ ನನಗೆ ಧೈರ್ಯ" ಅನ್ನುತ್ತಿದ್ದಳು. ತನ್ನ ಪಾಲಿನ ಟೀಯಲ್ಲಿ ಅರ್ಧ ಕೊಡುತ್ತಿದ್ದಳು.

ಆಮೇಲೆ ಬರೀ ನೀರಿನಲ್ಲಿ ಗುಡ್ಡ ಎದ್ದಿತು.

ಸೊಪ್ಪು, ಮಣ್ಣು ಏನೂ ಹಾಕದೆ ಬರೀ ಶುದ್ಧ ನೀರನ್ನು ಒಂದು ಸೀಸೆಯಲ್ಲಿ ಮಿಷನ್ನಿಗೆ ಕುಡಿಸುವ ಪದ್ಧತಿ ಇತ್ತು. ಅದರಲ್ಲಿ ಗೆರೆ ಸಪಾಟಾಗಿಯೇ ಓಡಬೇಕು. ಓಡಲಿಲ್ಲ. ಸ್ಟ್ಯಾಂಡರ್ಡ್ ಎದ್ದ ಜಾಗದಲ್ಲೇ ಪುಟ್ಟದೊಂದು ಗುಡ್ಡ. ಸಾಹೇಬರ ಮುಖ ಸುಣ್ಣ ಬಳಿದ ಹಾಗಾಯಿತು. ಲ್ಯಾಬು ನಂಬಿಕಸ್ತವೋ ಅಲ್ಲವೋ ಎಂದು ಮುದ್ರೆ ಒತ್ತುವ ತಪಾಸಣೆಯವರು ಬರುವುದರಲ್ಲಿದ್ದರು. ನೀರಿನಲ್ಲೇ ವಿಷ ತೋರಿಸುವ ಲ್ಯಾಬಿಗೆ ಯಾರು ಮುದ್ರೆ ಒತ್ತುತ್ತಾರೆ.

ನೀರು ಬದಲಾಯಿಸಿದರು. ಸೀಸೆ ಬದಲಾಯಿಸಿದರು. ಮಿಷನ್ ಕಂಪನಿಯವನು ಬಂದು ಅದರ ಹೊಟ್ಟೆ ಬಿಚ್ಚಿ ಮುಚ್ಚಿ ಹೋದ. ಗುಡ್ಡ ಇಳಿಯಲಿಲ್ಲ. ವಸ್ತುಗಳೆಲ್ಲ ಮುಗಿದ ಮೇಲೆ ಮನುಷ್ಯರ ಸರದಿ ಬಂತು. ಮನುಷ್ಯರು ಅಂದರೆ ಗಾಜಿನಕ್ಕ ಒಬ್ಬಳೇ.

"ಏನಮ್ಮ, ಇಲ್ಲಿ ಬಾ," ಎಂದರು ಸಾಹೇಬರು. "ಕೈ ಚಾಚು."

ವರಾಂಡದಲ್ಲಿ ನಿಲ್ಲಿಸಿದರು. ಹೋಗುವವರು ಬರುವವರು ಎಲ್ಲರೂ ನೋಡುವ ಜಾಗ. ಮೇಡಂ ಗ್ಲೌಸು ಹಾಕಿಕೊಂಡು, ಕಡ್ಡಿಗೆ ಸುತ್ತಿದ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಅವಳ ಅಂಗೈ ಒರೆಸಿದಳು. ಉಗುರಿನ ಸಂದಿ ಕೆದಕಿದಳು. ಸಾಹೇಬರು ಬಾಗಿಲಲ್ಲೇ ನಿಂತು, "ತೋಳು. ಕುತ್ತಿಗೆ. ಕೂದಲ ಬುಡ" ಎಂದು ಹೇಳುತ್ತ ಹೋದರು. ಸೆರಗು ಸರಿಸಬೇಕಾಯಿತು. ಕಾವಲಿನವನು ಬೀಡಿ ಕೈಯಲ್ಲಿ ಹಿಡಿದವನು ಹಚ್ಚುವುದನ್ನು ಮರೆತು ನಿಂತಿದ್ದ. ಗಾಜಿನಕ್ಕ ಎದುರಿನ ಗೋಡೆಯಲ್ಲಿದ್ದ ಬಿರುಕನ್ನು ನೋಡುತ್ತ ನಿಂತಳು. ಸಂತೆಯಲ್ಲಿ ದನದ ಹಲ್ಲು ನೋಡುವುದು ಅವಳಿಗೆ ಗೊತ್ತಿತ್ತು. ದನಕ್ಕೆ ಹೇಗಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಹತ್ತಿ ಮಿಷನ್ನಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಪ್ಪಾಳೆ ಕೇಳಿತು. ಸಾಹೇಬರು ನಗುತ್ತ ಹೊರಬಂದು ಎಲ್ಲರಿಗೂ ಟೀ ತರಿಸಲು ಹೇಳಿದರು. ಅವಳು ಇನ್ನೂ ಅಲ್ಲೇ ನಿಂತಿದ್ದಳು. ಹೋಗು ಅಂತ ಯಾರೂ ಹೇಳಿರಲಿಲ್ಲ.

"ಏನಾಯ್ತು ಮೇಡಂ?"

ಮೇಡಂ ಅವಳ ಮುಖ ನೋಡಲಿಲ್ಲ. "ಸಿಕ್ತು. ಸ್ಟ್ಯಾಂಡರ್ಡ್ ಜೊತೆ ಪೂರ್ತಿ ತಾಳೆ ಆಗ್ತಿದೆ."

"ಏನು ತಾಳೆ?"

ಸಾಹೇಬರೇ ಉತ್ತರ ಕೊಟ್ಟರು. "ನಿನ್ನ ಮೈಯೆಲ್ಲಾ ಅದೇ ಇದೆ ಕಣಮ್ಮ, ಕಳೆನಾಶಕ. ಕೈಯಲ್ಲಿ, ಕೂದಲಲ್ಲಿ, ಎಲ್ಲಾ ಕಡೆ. ನಮ್ಮ ಗಾಜಿಗೆಲ್ಲ ನೀನೇ ಮೆತ್ತಿದೀಯ. ಸ್ನಾನ ಗೀನ ಮಾಡ್ತೀಯೋ ಇಲ್ವೋ?"

"ದಿನಾ ಮಾಡ್ತೀನಿ ಸಾರ್. ನನ್ನ ಮೈಗೆ ಹೇಗೆ ಬಂತು ಅದು?"

"ಅದು ನಮಗೆ ಬೇಡ. ನಮ್ಮ ಸೀಸೆಗೆ ಹೇಗೆ ಬಂತು ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು."

ಎಲ್ಲರೂ ಟೀ ಕುಡಿದರು. ಅವಳಿಗೆ ಕೊಡಲಿಲ್ಲ. ಮೇಡಂ ತನ್ನ ಲೋಟವನ್ನು ಪೂರ್ತಿ ಖಾಲಿ ಮಾಡಿದಳು.

ಮಾರನೆಯ ದಿನದಿಂದ ಹೊಸ ಕಾನೂನು. ಲ್ಯಾಬಿನ ನೆಲದ ಮೇಲೆ ಹಳದಿ ಟೇಪು ಅಂಟಿಸಿದರು. ಅದನ್ನು ದಾಟಿ ಅವಳು ಒಳಗೆ ಕಾಲಿಡುವಂತಿಲ್ಲ. ಹಿಂದಿನ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಅಡ್ಡ ಕಟ್ಟಿ, ತೋಟದ ಪೈಪು ಕೊಟ್ಟರು. ಬಂದ ಕೂಡಲೇ ಅಲ್ಲಿ ಬಟ್ಟೆ ಬಿಚ್ಚಿ, ತಣ್ಣೀರಲ್ಲಿ ತಲೆಯಿಂದ ಮೈ ತೊಳೆದು, ಅವರು ಕೊಟ್ಟ ನಿಲುವಂಗಿ ಹಾಕಿಕೊಂಡು, ಶೆಡ್ಡಿನ ನಲ್ಲಿಯಲ್ಲಿ ಗಾಜು ತೊಳೆಯಬೇಕು. ಗಾಳಿ ಬಂದರೆ ಪ್ಲಾಸ್ಟಿಕ್ ಹಾರುತ್ತಿತ್ತು. ಕಾವಲಿನವನಿಗೆ ಆ ಹೊತ್ತಿಗೆ ಸರಿಯಾಗಿ ಆ ಕಡೆಯೇ ಕೆಲಸ ಬೀಳುತ್ತಿತ್ತು. ಗಾಜಿನ ಟ್ರೇಯನ್ನು ಯಾರೂ ಅವಳ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದರು. ಅವಳು ಎತ್ತಿಕೊಂಡ ಮೇಲೆ ಅವರು ಉಸಿರು ಬಿಡುತ್ತಿದ್ದರು. ಮೇಡಂ ಬಾಯಲ್ಲಿ ಅಕ್ಕ ಅನ್ನುವ ಮಾತು ನಿಂತುಹೋಯಿತು. "ಅವರಿಗೆ ಹೇಳಿ, ಇನ್ನೊಂದು ಸಲ ತೊಳೀಲಿ" ಅಂತ ಬೇರೆಯವರ ಕೈಲಿ ಹೇಳಿಸುತ್ತಿದ್ದಳು, ಎರಡು ಮಾರು ದೂರದಲ್ಲಿ ನಿಂತು.

ಇಷ್ಟೆಲ್ಲ ಆದರೂ ಗುಡ್ಡ ಪೂರ್ತಿ ಇಳಿಯಲಿಲ್ಲ. ಕೂದಲಲ್ಲಿ ಸೇರಿಕೊಂಡಿರಬೇಕು ಎಂದು ಸಾಹೇಬರು ತೀರ್ಮಾನಿಸಿದರು.

"ಕೂದಲು ತೆಗೆಸಿಕೊಂಡು ಬಾ," ಎಂದರು. "ಮತ್ತೆ ಬೆಳೆಯುತ್ತೆ ಬಿಡು. ಕಳೆಯ ಹಾಗೇ ತಾನೇ." ತಮ್ಮ ಮಾತಿಗೆ ತಾವೇ ನಕ್ಕರು.

ಆ ಸಂಜೆ ಗಾಜಿನಕ್ಕ ಮನೆಗೆ ಬಂದು ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಬುಟ್ಟಿಯಲ್ಲಿ ಗಂಡನ ನೀಲಿ ಅಂಗಿ. ನೀರಿಗೆ ಹಾಕಿದಳು. ನೀರು ನೊರೆಯೆದ್ದು ಹಸಿರಾಗಿ ತಿರುಗಿತು. ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜಿದಳು, ದಿನಾ ಉಜ್ಜುವ ಹಾಗೆ. ಮುಖಕ್ಕೆ ಹನಿ ಹಾರಿತು. ಸೆರಗಲ್ಲಿ ಒರೆಸಿಕೊಂಡಳು, ದಿನಾ ಒರೆಸಿಕೊಳ್ಳುವ ಹಾಗೆ. ಕೈ ಅಲ್ಲೇ ನಿಂತಿತು.

ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಮಿಷನ್ನು ಬೇಕಿರಲಿಲ್ಲ.

ತಲೆ ಎತ್ತಿ ಮನೆಯೊಳಗೆ ನೋಡಿದಳು. ಹೊರಗೆ ಮೋಡ ಇದ್ದರೆ ಅಂಗಿಯನ್ನು ಒಳಗೇ ಹಗ್ಗಕ್ಕೆ ಹಾಕುತ್ತಿದ್ದಳು. ಹಗ್ಗದ ಕೆಳಗೆ ಮಕ್ಕಳ ಹಾಸಿಗೆ. ಅಂಗಿಯಿಂದ ತೊಟ್ಟಿಕ್ಕಿದ ನೀರು ಎಷ್ಟೋ ಸಲ ಸಣ್ಣವಳ ದಿಂಬಿನ ಮೇಲೆ ಬಿದ್ದಿತ್ತು. ಸಣ್ಣವಳ ಕುತ್ತಿಗೆಯ ತುರಿಗೆ ಎಣ್ಣೆ ಹಚ್ಚಿ ಸುಮ್ಮನಾಗಿದ್ದಳು. ಗಂಡ ಗೋಡೆಗೊರಗಿ ಕುಳಿತಿದ್ದ. ಅವನ ಉಗುರುಗಳು ಕಪ್ಪಾಗಿ ಒಂದೊಂದೇ ಎದ್ದು ಬರತೊಡಗಿದ್ದವು. ಈಚೆಗೆ ಲೋಟ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿ ಅವಳೇ ಹಾಕಬೇಕಿತ್ತು. ವಯಸ್ಸಾಯ್ತು ಅಂತ ಅವನೇ ಹೇಳಿಕೊಳ್ಳುತ್ತಿದ್ದ. ನಲವತ್ತೂ ತುಂಬಿರಲಿಲ್ಲ.

ಅವಳು ಎದ್ದು ಬೋಗುಣಿಯ ನೀರನ್ನು ಚೆಲ್ಲಿದಳು. ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು ಚೆಲ್ಲಿದಳು.

ಮಾರನೆಯ ದಿನ ಹಳದಿ ಟೇಪಿನ ಈಚೆ ನಿಂತು ಮೇಡಂಳನ್ನು ಕೂಗಿದಳು. "ಮೇಡಂ, ನನ್ನ ಗಂಡಂಗೆ ಒಂದ್ಸಲ ಹತ್ತಿ ಹಾಕಿ ನೋಡಿ. ನನ್ನ ಮಕ್ಕಳಿಗೂ."

ಮೇಡಂ ಹಿಂದೆ ಮುಂದೆ ನೋಡಿದಳು. "ನಮ್ಮಲ್ಲಿ ಬರೀ ಗಿಡದ್ದು ಮಾಡೋದು. ಮನುಷ್ಯರದು ಮಾಡೋಕೆ ಅನುಮತಿ ಇಲ್ಲ."

"ನನಗೆ ಮಾಡಿದ್ರಲ್ಲ, ಅವತ್ತು ನಾನೇನು ಗಿಡ ಆಗಿದ್ನಾ?"

ಮೇಡಂ ಕತ್ತು ತಗ್ಗಿಸಿ ಮಿಷನ್ನಿನ ಕಡೆ ಹೋದಳು. ಆ ಮಿಷನ್ನು ದಿನವಿಡೀ ಎಲೆಗಳ ಆರೋಗ್ಯ ವಿಚಾರಿಸುತ್ತಿತ್ತು.

ತಪಾಸಣೆಯವರು ಬರುವ ಹಿಂದಿನ ದಿನ ಸಾಹೇಬರು ಅವಳನ್ನು ಕರೆಸಿ, ಮೊದಲ ಸಲ ಕುರ್ಚಿ ತೋರಿಸಿದರು. ಕುರ್ಚಿಯ ಮೇಲೆ ಪ್ಲಾಸ್ಟಿಕ್ ಹಾಸಿತ್ತು. ಅವಳು ಕೂರಲಿಲ್ಲ.

"ನೋಡಮ್ಮ, ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ನನಗೇನೂ ಇಷ್ಟ ಇಲ್ಲ. ಕೂದಲೂ ಬೇಡ ಬಿಡು. ನಾಳೆ ಅವರು ಕೇಳಿದಾಗ ಒಂದೇ ಮಾತು ಹೇಳು. ಕೈ ತೊಳೆಯದೆ ಒಳಗೆ ಬರ್ತಿದ್ದೆ, ನನ್ನದೇ ತಪ್ಪು, ಇನ್ಮೇಲೆ ಬರಲ್ಲ ಅಂತ. ಆಮೇಲೆ ನಿನಗೆ ಹೂವಿನ ಕುಂಡಕ್ಕೆ ನೀರು ಹಾಕೋ ಕೆಲಸ ಕೊಡ್ತೀನಿ. ಆರಾಮಾಗಿ ಇರು."

"ಆಗಲಿ" ಎಂದೂ ಅನ್ನದೆ "ಇಲ್ಲ" ಎಂದೂ ಅನ್ನದೆ ಅವಳು ಹೊರಬಂದಳು.

ಮನೆಯಲ್ಲಿ ಈ ಮಾತು ತೆಗೆದಾಗ ಗಂಡ ಥಟ್ಟನೆ ಹೇಳಿದ. "ಹೇಳಿಬಿಡು. ಒಂದು ಮಾತು ತಾನೇ. ಬಾಯೇನು ಸವೆಯುತ್ತಾ?"

ಅತ್ತೆ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಔಷಧಿ ಬರುವ ಮುಂಚೆ ಅದೇ ಕೇಂದ್ರದ ಹೊಲದಲ್ಲಿ ಕಳೆ ಕೀಳುತ್ತಿದ್ದವಳು. ಔಷಧಿ ಬಂದ ದಿನ ಹೆಂಗಸರ ಗುಂಪನ್ನೇ ಗೇಟಿನಿಂದ ಹೊರಗೆ ಕಳಿಸಿದ್ದರು. ಮುದುಕಿ ಮೊರ ಕೆಳಗಿಟ್ಟಳು.

"ಬಾಯಿ ಸವೆಯಲ್ಲಪ್ಪ. ನಿನ್ನ ಕೈ ಸವೆದ ಹಾಗೆ ಮರ್ಯಾದೆ ಸವೆಯುತ್ತೆ. ನಾವೂ ಕಳೆ ಕಿತ್ತಿದೀವಿ. ಕೈಗೆ ಮಣ್ಣಾಗ್ತಿತ್ತು, ತೊಳೆದ್ರೆ ಹೋಗ್ತಿತ್ತು. ನಿಮ್ಮ ಸಾಹೇಬ್ರ ಮಣ್ಣು ಎಂಥದೋ, ಅವಳು ಸಾಯೋತನಕ ಉಜ್ಜಿದ್ರೂ ಹೋಗ್ತಿಲ್ಲ. ಅದಕ್ಕೆ ಅವಳೇ ತಪ್ಪು ಒಪ್ಕೋಬೇಕಾ?"

"ನಿನಗೇನು ಗೊತ್ತು ಸುಮ್ನಿರಮ್ಮ," ಎಂದ ಮಗ. ಆದರೆ ದನಿಯಲ್ಲಿ ಬಿರುಸು ಇರಲಿಲ್ಲ. ಅವನು ತನ್ನ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ. ಬೇರೆ ಯಾರದೋ ಬೆರಳುಗಳನ್ನು ನೋಡುವ ಹಾಗೆ.

ತಪಾಸಣೆಯವರು ಮೂವರು ಬಂದಿದ್ದರು. ಉದ್ದದ ಬಿಳಿ ಮೇಜು, ಅದರ ಮೇಲೆ ಬಿಸ್ಕತ್ತು, ನೀರಿನ ಬಾಟಲಿ. ಸಾಹೇಬರು ಗುಡ್ಡ ಎದ್ದ ಕಥೆಯನ್ನು ತಾವು ಹುಲಿ ಹೊಡೆದ ಹಾಗೆ ಹೇಳಿ ಮುಗಿಸಿ, "ಇವಳೇ ಅದು. ಹೇಳಮ್ಮ" ಎಂದರು.

ಗಾಜಿನಕ್ಕ ಹಳದಿ ಟೇಪಿನ ಮೇಲೆ ನಿಂತಿದ್ದಳು. ಕೈಯಲ್ಲೊಂದು ಚೀಲ. ಟೇಪು ದಾಟಿದಳು. ಮೇಜಿನವರೆಗೂ ಬಂದಳು. ಯಾರಿಗೂ ತಡೆಯಲು ಹೊಳೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು.

"ನಾನು ಕೈ ತೊಳೆದೇ ಬರ್ತಿದ್ದೆ," ಎಂದಳು.

"ಏಯ್, ನಿನಗೆ ಏನು ಹೇಳಿಕೊಟ್ಟಿದ್ದೆ?"

"ನೀವು ಹೇಳಿಕೊಟ್ಟಿದ್ದು ಸುಳ್ಳು ಸಾರ್. ಅದನ್ನ ನೀವೇ ಹೇಳಿ." ಅವಳು ಚೀಲದೊಳಗಿಂದ ಗಂಡನ ನೀಲಿ ಅಂಗಿ ತೆಗೆದು ಬಿಳಿ ಮೇಜಿನ ಮೇಲೆ ಹರಡಿದಳು. ಒಗೆದಿರಲಿಲ್ಲ. ಇನ್ನೂ ಹಸಿಯಾಗಿತ್ತು. ಘಾಟು ಕೋಣೆಯಲ್ಲೆಲ್ಲ ಹರಡಿತು. "ಇದು ನನ್ನ ಗಂಡನ ಅಂಗಿ. ಬೆನ್ನ ಮೇಲೆ ಬರೆದಿರೋದು ನಿಮ್ಮ ಹೆಸರು. ಔಷಧಿ ನಿಮ್ಮದು, ಅಂಗಿ ನಿಮ್ಮದು, ಹೊಲ ನಿಮ್ಮದು. ಒಗೆಯೋ ಕೈ ಒಂದು ನಂದು. ಆ ಕೈನ ಗಲೀಜು ಅಂತೀರಾ?"

ಕುರ್ಚಿಗಳು ಕಿರ್ರನೆ ಹಿಂದೆ ಸರಿದವು. ಒಬ್ಬ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡೇ ಎದ್ದ. ಮೂವರಲ್ಲಿ ಹಿರಿಯನು ಕರವಸ್ತ್ರ ಮೂಗಿಗೆ ಹಿಡಿದು, "ಮೊದಲು ಅದನ್ನ ಇಲ್ಲಿಂದ ತೆಗೆಸಿ" ಎಂದ.

"ಯಾಕೆ ಸ್ವಾಮಿ? ನನ್ನ ಮಕ್ಕಳ ತಲೆ ಮೇಲೆ ವರ್ಷಗಟ್ಟಲೆ ತೂಗಿದೆ. ನಿಮ್ಮ ಮುಂದೆ ಒಂದು ಗಳಿಗೆ ಇರಲಿ."

"ಹೊರಗೆ ಹಾಕ್ರೋ ಇವಳನ್ನ," ಎಂದರು ಸಾಹೇಬರು. ಕಾವಲಿನವನು ಬಂದ. ಉದ್ದ ಹಿಡಿಯ ಕಸಬರಿಕೆಯಿಂದ ಅಂಗಿಯನ್ನು ಮೇಜಿನಿಂದ ತಳ್ಳಿದ. ಅವಳು ಬಗ್ಗಿ ಅದನ್ನು ಎತ್ತಿಕೊಂಡು ತಾನಾಗಿಯೇ ಹೊರಗೆ ನಡೆದಳು.

ತಪಾಸಣೆಯವರು ಕೊಟ್ಟ ಸಲಹೆ ಆಮೇಲೆ ಎಲ್ಲರಿಗೂ ಗೊತ್ತಾಯಿತು. ಹೊರಗಿನವರು ಒಳಗೆ ನುಗ್ಗದ ಹಾಗೆ ಲ್ಯಾಬಿಗೆ ಇನ್ನೊಂದು ಬಾಗಿಲು ಇಡಿಸಬೇಕು. ಅಷ್ಟು ಓದಿದವರು, ಅಷ್ಟು ದೂರದಿಂದ ಬಂದವರು, ಬಾಗಿಲು ಕಂಡುಹಿಡಿದು ಹೋದರು.

ಸಂಜೆ ಗಂಡ ಅವಳ ಮೇಲೆ ಹಾರಾಡಿದ. ನಿನ್ನ ನಾಲಿಗೆಯಿಂದ ಮನೆಯ ಒಲೆ ಆರಿತು ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಅವನು ಸುಸ್ತಾಗಿ ಕುಳಿತ ಮೇಲೆ ಹೇಳಿದಳು.

"ನನ್ನ ಕೆಲಸ ಹೋಯ್ತು, ನಿಂದು ಇದೆ. ನಾಳೆ ಹೋಗು. ಬೇಡ ಅನ್ನಲ್ಲ. ಆದ್ರೆ ಈ ಅಂಗಿ ಇನ್ಮೇಲೆ ನಾನು ಒಗೆಯಲ್ಲ. ಈ ಹೊಸಿಲು ದಾಟಿ ಒಳಗೂ ಬರಲ್ಲ ಅದು."

"ಮತ್ತೆ ಯಾರು ಒಗೀಬೇಕು?"

"ಬೆನ್ನ ಮೇಲೆ ಯಾರ ಹೆಸರಿದೆಯೋ ಅವರು."

ಬೀದಿಯ ನಲ್ಲಿಯ ಹತ್ತಿರ ಈ ಮಾತು ಬೆಳಗಾಗುವಷ್ಟರಲ್ಲಿ ಹಬ್ಬಿತು. ಔಷಧಿ ಹೊಡೆಯುವವರ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಮೂಲೆಮನೆಯವಳು ತನ್ನ ತೋಳು ತೋರಿಸಿದಳು, ಮೊಣಕೈಯಿಂದ ಕೆಳಗೆ ಚರ್ಮ ಹಾವಿನ ಪೊರೆಯ ಹಾಗೆ ಸುಲಿಯುತ್ತಿತ್ತು. ಇನ್ನೊಬ್ಬಳು ತುಂಬಿದ ಬಸುರಿ. ಅವಳು ಗಂಡನ ಅಂಗಿಯನ್ನು ಕೋಲಿನಲ್ಲಿ ಎತ್ತಿ ಬೀದಿಗೆ ಎಸೆದಳು. ಅಷ್ಟು ಸಾಕಾಯಿತು. ಹೆಂಗಸರು ಕೋಲುಗಳ ತುದಿಯಲ್ಲಿ ಅಂಗಿ ಹಿಡಿದುಕೊಂಡು ಕೇಂದ್ರದ ಗೇಟಿನವರೆಗೆ ನಡೆದರು, ಸತ್ತ ಇಲಿಗಳನ್ನು ಹಿಡಿದ ಹಾಗೆ. ಗೇಟು ದಾಟಿ, ಇನ್ನೊಂದು ಬಾಗಿಲು ಬರಬೇಕಿದ್ದ ಲ್ಯಾಬಿನ ಬಾಗಿಲ ಮುಂದೆಯೇ ರಾಶಿ ಹಾಕಿದರು.

"ಇದೇನ್ರೇ ಇದು?" ಎಂದ ಮೇಸ್ತ್ರಿ.

"ಅಂಗಿ," ಎಂದಳು ಅತ್ತೆ. "ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಕೊಡಿ. ಹೊಡೆಯೋಕೆ ಬರ್ತಾರೆ."

ಸಾಹೇಬರು ಮೊದಲು ನಕ್ಕರು. ಒಗೆಯದಿದ್ದರೆ ಹಾಗೇ ಹಾಕಿಕೊಳ್ಳಲಿ ಎಂದರು. ಇಬ್ಬರು ಹಾಗೇ ಹಾಕಿಕೊಂಡರು. ಮಧ್ಯಾಹ್ನಕ್ಕೆ ಬೆನ್ನು ಬೊಬ್ಬೆಯೆದ್ದು, ಪಂಪು ಇಳಿಸಿ ಮರದ ಕೆಳಗೆ ಬೋರಲು ಮಲಗಿದರು. ಬೇರೆ ಕಡೆಯಿಂದ ಆಳು ಕರೆಸಿದರು. ಬಂದವರು ರಾಶಿ ನೋಡಿದರು, ಮೂಗು ಮುಚ್ಚಿದರು, ಬೊಬ್ಬೆಯ ಬೆನ್ನು ನೋಡಿದರು, ಬಂದ ಗಾಡಿಯಲ್ಲೇ ವಾಪಸು ಹೋದರು. ಅಂಗಿ ತೆಗೆದು ಸುಡಲು ಕಾವಲಿನವನಿಗೆ ಹೇಳಿದರೆ ಅವನು, "ಮುಟ್ಟಿದ್ರೆ ನನ್ನನ್ನೂ ಪೈಪಿನ ಕೆಳಗೆ ನಿಲ್ಲಿಸ್ತೀರಿ, ಬೇಡ ಸಾರ್" ಎಂದ.

ಗಾಜಿನಕ್ಕನ ಗಂಡ ಎಲ್ಲರಿಗಿಂತ ಕೊನೆಗೆ ಪಂಪು ಇಳಿಸಿದವನು. ಹೆಂಡತಿಯ ಮಾತಿಗೆ ಇಳಿಸಲಿಲ್ಲ. ಅವತ್ತು ಪಂಪಿನ ಪಟ್ಟಿ ಬಿಗಿಯಲು ಹೋದ, ಬೆರಳು ಮಾತು ಕೇಳಲಿಲ್ಲ. ಮೇಸ್ತ್ರಿ ನೋಡಿ, "ಏನೋ, ಕುಡಿದಿದ್ಯಾ?" ಎಂದ. ಅವನು ಜೀವಮಾನದಲ್ಲಿ ಕುಡಿದವನಲ್ಲ. ಪಂಪನ್ನು ನೆಲಕ್ಕಿಟ್ಟ.

"ಹೌದು," ಎಂದ. "ನೀವು ಕುಡಿಸಿದ್ದೇ ಕುಡಿದಿದೀನಿ." ತಿರುಗಿ ನೋಡದೆ ಮನೆಗೆ ಬಂದ. ಬಾಗಿಲಲ್ಲಿ ಅಂಗಿ ಬಿಚ್ಚಲು ಬಾರದೆ ನಿಂತಿದ್ದ. ಅವಳು ಹರಕು ಚೀಲ ಕೈಗೆ ಸುತ್ತಿಕೊಂಡು ಗುಂಡಿ ಕಿತ್ತಳು.

ದಿನಗಳು ಹೋದವು. ಮನೆಗಳಲ್ಲಿ ಒಲೆ ಒಂದೇ ಹೊತ್ತು ಉರಿಯಿತು. ತಾಕುಗಳಲ್ಲಿ ಕಳೆ ಸೊಂಪಾಗಿ ಎದ್ದಿತು. ಬೆಳೆ ಯಾವುದು ಕಳೆ ಯಾವುದು ಎಂದು ಹುಡುಕಲು ಕೊಡೆಯವರು ಬಗ್ಗಿ ಬಗ್ಗಿ ನೋಡಬೇಕಾಯಿತು.

ಒಂದು ಮಧ್ಯಾಹ್ನ ಮೇಡಂ ಅವರ ಮನೆ ಹುಡುಕಿಕೊಂಡು ಬಂದಳು. ಬಾಗಿಲ ಕಟ್ಟೆಯ ಮೇಲೆ ಕೂರಲು ಹೋದಾಗ ಅತ್ತೆ ತಡೆದಳು. "ಅಲ್ಲಿ ಬೇಡ ತಾಯಿ, ಅಂಟ್ಕೊಳ್ಳುತ್ತೆ. ಆಮೇಲೆ ನಿಮಗೂ ಹತ್ತಿ ಉಜ್ತಾರೆ."

ಮೇಡಂ ನಿಂತೇ ಇದ್ದಳು. "ಅಕ್ಕ, ಬರೀ ನೀರಲ್ಲಿ ಮತ್ತೆ ಗುಡ್ಡ ಎದ್ದಿದೆ. ಮುಂಚೆಗಿಂತ ದೊಡ್ಡದು."

"ನಾನು ಅಲ್ಲಿ ಇಲ್ವಲ್ಲ," ಎಂದಳು ಗಾಜಿನಕ್ಕ.

"ಹೌದು. ಬಾಗಿಲ ಮುಂದಿನ ಅಂಗಿಯಿಂದ. ಎಲ್ಲರೂ ಅದರ ಪಕ್ಕದಲ್ಲೇ ಓಡಾಡ್ತಾರಲ್ಲ, ಚಪ್ಪಲಿಯಲ್ಲಿ ಬರ್ತಿದೆ. ನನ್ನ ಕೈ ನೋಡಿಕೊಂಡೆ. ನನ್ನ ಕೈಯಲ್ಲೂ ಇದೆ. ಸಾಹೇಬ್ರ ಕೈಯಲ್ಲೂ ಇದೆ."

"ಸಾಹೇಬ್ರ ಕೂದಲು ತೆಗೆಸಿದ್ರಾ?"

ಮೇಡಂಳ ಮುಖ ಕೆಂಪಾಯಿತು. "ಲ್ಯಾಬು ಮುಚ್ಚೋ ಹಾಗಾಗಿದೆ. ನಿಮ್ಮನ್ನ ಕರೀತಿದಾರೆ. ಏನು ಬೇಕು ಅಂತ ಕೇಳ್ಕೊಂಡು ಬಾ ಅಂದ್ರು. ಅಕ್ಕ, ನನಗೂ ತಪ್ಪಾಯ್ತು."

"ನಿಮ್ಮ ತಪ್ಪು ಇಟ್ಕೊಂಡು ನಾನೇನು ಮಾಡ್ಲಿ ಮೇಡಂ. ನನ್ನೊಬ್ಬಳನ್ನ ಕರೆದ್ರೆ ನಾನು ಬರಲ್ಲ. ಎಲ್ಲರನ್ನೂ ಕರೀರಿ."

ಎಲ್ಲರೂ ಹೋದರು. ಕೇಳಿದ್ದು ಹೆಚ್ಚೇನಲ್ಲ. ಲ್ಯಾಬಿನವರು ಹಾಕುವಂಥದೇ ಗ್ಲೌಸು, ಮಾಸ್ಕು. ಸೋರದ ಪಂಪು. ಗೋಡೆ, ಬಾಗಿಲು, ಚಿಲಕ ಇರುವ ಬಚ್ಚಲು. ಅಂಗಿ ಒಗೆಯಲು ಅಲ್ಲೇ ಒಂದು ಮಿಷನ್ನು. ಗಂಡಸರಿಗೆ, ಹೆಂಗಸರಿಗೆ, ಮಕ್ಕಳಿಗೆ ದೊಡ್ಡಾಸ್ಪತ್ರೆಯಲ್ಲಿ ತಪಾಸಣೆ. ಎಲ್ಲಕ್ಕೂ ಸಾಹೇಬರು ತಲೆಯಾಡಿಸಿದರು. ಕೊನೆಯದಕ್ಕೆ ಮಾತ್ರ, "ನೋಡೋಣ, ಮುಂದಿನ ವರ್ಷ" ಎಂದರು. ಮುಂದಿನ ವರ್ಷ ಬೇಡ, ಈ ವಾರ ಎಂದು ಹೆಂಗಸರು ನೆಲ ಬಿಟ್ಟು ಏಳಲಿಲ್ಲ. ಸಂಜೆಯವರೆಗೂ ಕುಳಿತರು. ಸಂಜೆಗೆ ಆಸ್ಪತ್ರೆಗೆ ಹೋಗಲು ಗಾಡಿ ಗೊತ್ತಾಯಿತು.

ಸಣ್ಣವಳ ಕುತ್ತಿಗೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಗಂಡನ ಕೈ ಹಿಡಿದು, ಸೂಜಿಯಿಂದ ಒಂದೊಂದೇ ಬೆರಳು ಚುಚ್ಚಿ, ಅವನ ಮುಖ ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

ಒಗೆಯುವ ಕೋಣೆ ಸಿದ್ಧವಾದಾಗ ಸಾಹೇಬರಿಗೆ ಸಮಾರಂಭ ಬೇಕೆನಿಸಿತು. ಟೇಪು ಕಟ್ಟಿದರು, ಈ ಸಲ ಕೆಂಪು ಬಣ್ಣದ್ದು, ರೇಷ್ಮೆಯದು. ಫೋಟೊದವನು ಬಂದ. ಕಾರ್ಮಿಕರ ಆರೋಗ್ಯವೇ ನಮ್ಮ ಮೊದಲ ಕಾಳಜಿ ಎಂದು ಸಾಹೇಬರು ಬಹಳ ಹೊತ್ತು ಮಾತಾಡಿದರು. ಹೆಂಗಸರು ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾಜಿನಕ್ಕನ ಗಂಡನ ಕೈ ಅವಳ ತೊಡೆಯ ಮೇಲಿತ್ತು. ಅವಳು ಹಿಡಿದುಕೊಂಡದ್ದು ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ.

"ಈಗ ಮೊದಲನೇ ಅಂಗಿಯನ್ನ ನಮ್ಮ ಈ ತಾಯಿಯವರು ಮಿಷನ್ನಿಗೆ ಹಾಕ್ತಾರೆ," ಎಂದರು ಸಾಹೇಬರು, ಫೋಟೊದವನ ಕಡೆ ನೋಡುತ್ತ.

ಗಾಜಿನಕ್ಕ ಏಳಲಿಲ್ಲ. "ನಾವು ಒಗೆದಾಯ್ತು ಸಾಹೇಬ್ರೆ. ನೀವೇ ಹಾಕಿ."

ಸಾಹೇಬರು ಪಕ್ಕದವರನ್ನು ನೋಡಿದರು. ಮೇಸ್ತ್ರಿ ಆಕಾಶ ನೋಡುತ್ತಿದ್ದ. ಮೇಡಂ ತನ್ನ ಕಾಲಿನ ಉಗುರು ನೋಡುತ್ತಿದ್ದಳು. ಫೋಟೊದವನು ಕಾಯುತ್ತಿದ್ದ. ಕೊನೆಗೆ ಸಾಹೇಬರು ಬಗ್ಗಿ, ಬುಟ್ಟಿಯಲ್ಲಿದ್ದ ನೀಲಿ ಅಂಗಿಯ ಕಾಲರನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಎತ್ತಿದರು. ಕೈಯನ್ನು ಮೈಯಿಂದ ದೂರಕ್ಕೆ ಚಾಚಿದ್ದರು. ಒದ್ದೆ ಅಂಗಿ ಭಾರವಾಗಿತ್ತು. ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು.

"ಎರಡು ಬೆರಳಲ್ಲಿ ಬರಲ್ಲ," ಎಂದಳು ಗಾಜಿನಕ್ಕ. "ಪೂರ್ತಿ ಕೈ ಹಾಕಿ."

ಸಾಹೇಬರು ಪೂರ್ತಿ ಕೈ ಹಾಕಿದರು. ಅಂಗಿ ಮಿಷನ್ನಿನೊಳಗೆ ಹೋಯಿತು. ಫೋಟೊದವನಿಗೆ ಬೆನ್ನು ಮಾಡಿ ನಲ್ಲಿಯ ಹತ್ತಿರ ಓಡಿದ ಹಾಗೆ ನಡೆದು, ಸೋಪು ಹಚ್ಚಿ ಕೈ ತಿಕ್ಕತೊಡಗಿದರು. ಅಂಗೈ ತಿಕ್ಕಿದರು, ಉಗುರಿನ ಸಂದಿ ತಿಕ್ಕಿದರು, ಮೊಣಕೈವರೆಗೆ ತಿಕ್ಕಿದರು. ಮೂಸಿ ನೋಡಿ ಮತ್ತೆ ಸೋಪು ತೆಗೆದುಕೊಂಡರು.

ಹೆಂಗಸರು ನೋಡುತ್ತ ಕುಳಿತಿದ್ದರು. ಯಾರಿಗೂ ಅವಸರ ಇರಲಿಲ್ಲ.